ಬೇಸಿಗೆಯ ಹೊಳೆ, ಬೇಸಿಗೆಯ ದೀಪ

ಏಪ್ರಿಲ್ ತಿಂಗಳ ವಿದ್ಯುತ್ ಬಿಲ್ಲನ್ನು ನಾನು ಎರಡು ಸಲ ಓದಿದೆ. ಚಳಿಗಾಲದ ತಿಂಗಳಿಗಿಂತ ಒಂದೂವರೆ ಪಟ್ಟು! ಮನೆಗೆ ಹೊಸ ಯಂತ್ರವೇನೂ ಬಂದಿಲ್ಲ. ಹಳೆಯ ಫ್ಯಾನುಗಳೇ ಹಗಲಿರುಳೂ ತಿರುಗಿವೆ. ಸೆಕೆಗೆ ಫ್ರಿಜ್ಜೂ ಬಿಡುವಿಲ್ಲದೆ ದುಡಿದಿದೆ. 75 ವ್ಯಾಟಿನ ಒಂದು ಫ್ಯಾನು 20 ಗಂಟೆ ತಿರುಗಿದರೆ ಒಂದೂವರೆ ಯೂನಿಟ್ಟು. ಲೆಕ್ಕ ಸರಿಯಾಗಿಯೇ ಇತ್ತು.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲುಂಟು. ನಮಗೆ ವಿದ್ಯುತ್ತು ಹೆಚ್ಚು ಬೇಕಾಗುವ ಕಾಲದಲ್ಲಿಯೇ ಅದನ್ನು ಕೊಡುವ ಹೊಳೆ ಬಡವಾಗುತ್ತದೆ. ಇದು ಇಂದಿನ ಸಂಕಟವಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಬೇಸಿಗೆಯ ಕಾವೇರಿ ಮಾತ್ರ ಗಣಿಯ ಗಡಿಯಾರಕ್ಕೆ ತಕ್ಕಂತೆ ಹರಿಯುವವಳಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ತೊಡಗಿದಾಗ, ನೀರಾವರಿಯ ಜೊತೆಗೆ, ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಯಲ್ಲಿ ಶಿವನಸಮುದ್ರಕ್ಕೆ ಒದಗಿಸುವುದೂ ಅದರ ಉದ್ದೇಶವಾಗಿತ್ತು.

ಶರಾವತಿಯದೂ ಇದೇ ಕಥೆ. ಹಿರೇಭಾಸ್ಕರದ ಕಟ್ಟೆಯ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ನಡೆಯತೊಡಗಿತು. ಅದು ಸಾಲದೆ 1964ರಲ್ಲಿ ಲಿಂಗನಮಕ್ಕಿ ಬಂದಿತು; ಹಳೆಯ ಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿತು. ಅದರೊಡನೆ ಎಷ್ಟೋ ಊರುಗಳೂ ಮುಳುಗಿದವು. ನನ್ನ ತಾಯಿಯ ತವರು ಅವುಗಳಲ್ಲಿ ಒಂದು.

ಕಡುಬೇಸಿಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರದ ಕಟ್ಟೆ ಮತ್ತೆ ತಲೆಯೆತ್ತುತ್ತದೆ. ನಾವು ಹೆಚ್ಚು ಫ್ಯಾನು ಹಾಕಿದ ವರ್ಷ ಅಮ್ಮನಿಗೆ ತವರಿನ ದಿಕ್ಕು ಹೆಚ್ಚು ಕಾಣುತ್ತದೆಯೇ ಎಂದು ನಾನೊಮ್ಮೆ ತಮಾಷೆಗೆ ಹೇಳಹೊರಟು, ಅವಳ ಮುಖ ನೋಡಿ ಸುಮ್ಮನಾದೆ.

ಇಂದು ಕಲ್ಲಿದ್ದಲು, ಗಾಳಿ, ಬಿಸಿಲುಗಳೂ ವಿದ್ಯುತ್ತು ಕೊಡುತ್ತಿವೆ, ನಿಜ. ಆದರೆ ಹೊತ್ತು ಮುಳುಗಿದೊಡನೆ ಬಿಸಿಲಿನ ವಿದ್ಯುತ್ತು ನಿಲ್ಲುತ್ತದೆ, ಸೆಕೆ ನಿಲ್ಲುವುದಿಲ್ಲ. ಆಗ ಕರೆದೊಡನೆ ಓಗೊಡಬಲ್ಲವರಲ್ಲಿ ಮೊದಲಿಗಳು ಆ ಹೊಳೆಯೇ.

ಫ್ಯಾನು ಕೋಣೆಯ ಗಾಳಿಯನ್ನು ತಣಿಸುವುದಿಲ್ಲ. ಮೈಯ ಬೆವರನ್ನು ಆರಿಸುತ್ತದೆ, ಅಷ್ಟೆ. ಆಳಿಲ್ಲದ ಕೋಣೆಯಲ್ಲಿ ಅದು ತಿರುಗಿ ಫಲವೇನು? ಪದವೀಧರನಾದ ನನಗೆ ಇದು ಪುಸ್ತಕದಿಂದ ತಿಳಿದದ್ದು. ನಾನು ಜಗುಲಿಗೆ ಬಂದಾಗಲೆಲ್ಲ ಅಮ್ಮ ಒಳಗೆ ಹೋಗಿ ಗುಂಡಿ ಒತ್ತಿ ಬರುತ್ತಾಳೆ.

“ನಮ್ಮ ತೋಟದ ಮೇಲೆ ನಿಂತ ನೀರು ತಮ್ಮಾ, ಸುಮ್ಮನೆ ತಿರುಗಿಸಬೇಡ” ಎನ್ನುತ್ತಾಳೆ.

ಬಿಲ್ಲಿನಲ್ಲಿ ಆ ತೋಟದ ಬಾಬ್ತು ನಮೂದಾಗಿಲ್ಲ.