ದಪ್ಪಕ್ಷರದ ದಿನಗಳು

ಮೊನ್ನೆ ಅಡಿಗೆಮನೆಯ ಕಪಾಟು ಕ್ಲೀನ್ ಮಾಡ್ತಾ ಇದ್ದೆ. ಒಳ್ಳೆಮೆಣಸಿನ ಡಬ್ಬದ ಅಡಿಗೆ ಹಾಸಿದ್ದ ಹಳೇ ಪೇಪರ್ ಅಂಟಿಕೊಂಡು ಬಂತು. ಎಣ್ಣೆ ಹಿಡಿದು ಹಳದಿಯಾಗಿತ್ತು, ಅಂಚನ್ನೆಲ್ಲ ಜಿರಲೆ ತಿಂದಿತ್ತು. ತಾರೀಕು ನೋಡಿದರೆ 2020ರ ಮಾರ್ಚ್ ಕೊನೆಯದ್ದು. ಸುದ್ದಿ ಓದುವ ಹಾಗಿರಲಿಲ್ಲ, ಮೇಲಿನ ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿ ಹಾಗೇ ಉಂಟು. ಅದು ಕಣ್ಣಿಗೆ ಬಿದ್ದದ್ದೇ ಹೊಟ್ಟೆಯೊಳಗೆ ಯಾರೋ ಹಿಂಡಿದ ಹಾಗಾಯ್ತು. ಇಷ್ಟು ವರ್ಷ ಆದ ಮೇಲೂ! ಡಬ್ಬ ಕೈಯಲ್ಲಿ ಹಿಡ್ಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ದಿನಗಳನ್ನು ಸ್ವಲ್ಪ ಬರೆದಿಡುವ ಅಂತ ಆವಾಗಲೇ ಅನ್ನಿಸಿದ್ದು.

ನಿಮಗೂ ನೆನಪಿರಬೇಕು. ಚೀನಾದ ಸುದ್ದಿ ಬರುವಾಗ ನಾವು ಇಲ್ಲಿ ಕಾಫಿ ಕುಯ್ಯಿಸುವ ಗಡಿಬಿಡಿಯಲ್ಲಿದ್ದೆವು. ಜನವರಿ 30ಕ್ಕೆ ಕೇರಳದಲ್ಲಿ ದೇಶದ ಮೊದಲ ಕೇಸ್ ಸಿಕ್ಕಿತು. ಕೇರಳ ಅಂದರೆ ನಮಗೆ ಪಕ್ಕದ ಮನೆಯೇ, ಆದರೂ ಅಷ್ಟೇನೂ ಹೆದರಲಿಲ್ಲ. ಮಾರ್ಚ್ 12ಕ್ಕೆ ಕಲಬುರಗಿಯ ಸಾವು ಕೊರೊನಾದಿಂದಲೇ ಆದದ್ದು ಅಂತ ಹೊರಗೆ ಬಂತು, ದೇಶದಲ್ಲೇ ಮೊದಲ ಸಾವು. 19ಕ್ಕೆ ನಮ್ಮ ಜಿಲ್ಲೆಯದ್ದೇ ಮೊದಲ ಕೇಸ್. ಆ ಮನುಷ್ಯ ಬಂದ ವಿಮಾನ ಯಾವುದು, ಬಸ್ಸು ಯಾವುದು ಎಲ್ಲ ಪೇಪರಿನಲ್ಲಿ ಬಂತು. ಆ ವಾರ ಬಸ್ಸಿನಲ್ಲಿ ಬೆಂಗಳೂರಿಂದ ಬಂದವರೆಲ್ಲ ತಮ್ಮ ತಮ್ಮ ಟಿಕೆಟ್ ಹುಡುಕಿದರು. 22ಕ್ಕೆ ಜನತಾ ಕರ್ಫ್ಯೂ, 24ರ ರಾತ್ರಿ 8 ಗಂಟೆಗೆ ಪ್ರಧಾನಿ ಭಾಷಣ, ಮಾರನೇ ದಿನದಿಂದ ಎಲ್ಲ ಬಂದ್. ಮಾಕುಟ್ಟದ ರಸ್ತೆಗೆ ಮಣ್ಣು ಸುರಿದು ಕೇರಳದ ದಾರಿ ಮುಚ್ಚಿದರು.

ಆ ದಿನಗಳಲ್ಲಿ ನಮ್ಮ ಮನೆಯ ಟಿವಿ ಬೆಳಿಗ್ಗೆ ಆರಕ್ಕೆ ಹಚ್ಚಿದರೆ ರಾತ್ರಿ ಹನ್ನೊಂದಕ್ಕೇ ಬಂದ್. ಅನ್ನಕ್ಕೆ ಇಟ್ಟು ಒಂದು ಸಲ ಇಣುಕುವುದು, ಸಾರಿಗೆ ಒಗ್ಗರಣೆ ಹಾಕಿ ಇನ್ನೊಂದು ಸಲ. ಸ್ಫೋಟ, ಅಟ್ಟಹಾಸ, ರಣಕೇಕೆ, ಮಹಾಮಾರಿ, ಮರಣ ಮೃದಂಗ. ಯಕ್ಷಗಾನದಲ್ಲಿ ರಾಕ್ಷಸನ ವೇಷಕ್ಕೆ ಬೇಕಾದ ಮಾತುಗಳೆಲ್ಲ ಒಂದು ಕಣ್ಣಿಗೆ ಕಾಣದ ಕ್ರಿಮಿಗೆ ಬಂದುಬಿಟ್ಟವು. ಎರಡು ಕೇಸ್ ಬಂದರೂ ಸ್ಫೋಟ, ಇನ್ನೂರು ಬಂದರೂ ಸ್ಫೋಟ. ಹಿಂದಿನಿಂದ ಢಂ ಢಂ ಅಂತ ಸೌಂಡು ಬೇರೆ. ಕಾಯಿಲೆಯವರಿಗೆ ಹೆಸರಿಲ್ಲ, ಪಿ ಅಂತ ಹಾಕಿ ಒಂದು ನಂಬರ್. ಹೆಸರು ಹೇಳದಿದ್ದದ್ದು ಒಳ್ಳೆಯದೇ, ಆದರೆ ನಂಬರ್ ಕೇಳಿ ಕೇಳಿ ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೂ ಮನೆಯಲ್ಲಿ ಗಂಜಿ ಕಾಯಿಸುವವರು ಇದ್ದಾರೆ ಅಂತ ಮರೆತೇ ಹೋಯ್ತು.

ಪೇಪರಿನಿಂದ ರೋಗ ಬರ್ತದೆ ಅಂತ ಒಂದು ಸುದ್ದಿ ಎದ್ದಾಗ ನಾವೂ ಬಿಸಿ ಇಸ್ತ್ರಿಪೆಟ್ಟಿಗೆ ತಿಕ್ಕಿ ಓದಿದವರೇ. ಹಾಲಿನ ಪ್ಯಾಕೆಟಿಗೆ ಸೋಪು ಹಾಕಿದ್ದೂ ಉಂಟು. ಈಗ ನಗು ಬರ್ತದೆ. ಆದರೆ ಆಗ ನನಗೆ ರಾತ್ರಿ ಎರಡು ಗಂಟೆಗೆ ಎಚ್ಚರ ಆಗ್ತಿತ್ತು, ಎದೆ ಹೊಡ್ಕೊಳ್ತಿತ್ತು, ಗಂಟಲು ಕೆರೆದ ಹಾಗೆ ಅನ್ನಿಸಿ ಎದ್ದು ಬಿಸಿನೀರು ಕುಡಿಯುವುದು. ಜ್ವರ ನೋಡುವ ಕಡ್ಡಿ ದಿಂಬಿನ ಅಡಿಗೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯವರು ಮಾರ್ಚ್ 18ಕ್ಕೇ ಹೇಳಿದ್ದರಂತೆ, ಸುದ್ದಿ ಕಡಿಮೆ ನೋಡಿ, ದಿನಕ್ಕೆ ಒಂದೋ ಎರಡೋ ಸಲ ಹೊತ್ತು ಇಟ್ಟುಕೊಂಡು ನೋಡಿ ಅಂತ. ಅಂದರೆ ನಮ್ಮ ಜಿಲ್ಲೆಗೆ ರೋಗ ಬಂದದ್ದು ಗೊತ್ತಾಗುವ ಹಿಂದಿನ ದಿನವೇ! ಆ ಮಾತು ದಪ್ಪಕ್ಷರದಲ್ಲಿ ಬಂದದ್ದನ್ನು ನಾನಂತೂ ಕಾಣಲಿಲ್ಲ.

ನಿಜ ಹೇಳಬೇಕೆಂದರೆ ಆಗ ಕೊಡಗಿನಲ್ಲಿ ರೋಗ ಅಷ್ಟು ಇರಲೇ ಇಲ್ಲ. ಮೊದಲ ಕೇಸಿನವರು ಏಪ್ರಿಲ್‌ನಲ್ಲಿ ಗುಣವಾಗಿ ಮನೆಗೆ ಹೋದರು. ಮೇ 1ರ ಪಟ್ಟಿಯಲ್ಲಿ ಕೊಡಗು ಹಸಿರು ವಲಯ. ಆದರೆ ನಮ್ಮ ಟಿವಿಯಲ್ಲಿ ಹಸಿರು ಬಣ್ಣ ಎಲ್ಲಿತ್ತು? ನ್ಯೂಯಾರ್ಕಿನ ಹೆಣ, ಇಟಲಿಯ ಹೆಣ, ಬೆಂಗಳೂರಿನ ಪಾದರಾಯನಪುರ, ಎಲ್ಲ ಒಂದೇ ಪರದೆ, ಒಂದೇ ಕೆಂಪು. ಎಲ್ಲವೂ ನಮ್ಮ ಅಂಗಳದಲ್ಲೇ ಆಗ್ತಾ ಇದ್ದ ಹಾಗೆ ಅನ್ನಿಸ್ತಿತ್ತು.

ನಮ್ಮ ಪಾಲಿಬೆಟ್ಟದವರಿಗೆ ಇದನ್ನು ಆನೆ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥ ಆಗ್ತದೆ. ಇಂಥ ತೋಟದ ಇಂಥ ಕೆರೆಯ ಹತ್ತಿರ ಎರಡು ಆನೆ ಉಂಟು, ಮಕ್ಕಳನ್ನು ಆ ದಾರಿಯಲ್ಲಿ ಕಳಿಸಬೇಡಿ ಅಂತ ಫೋನಿನಲ್ಲಿ ಬರ್ತದಲ್ಲ, ಅದನ್ನು ಓದಿದರೆ ಹೆದರಿಕೆ ಆದರೂ ಏನು ಮಾಡಬೇಕು ಗೊತ್ತಾಗ್ತದೆ. ಅದು ಬಿಟ್ಟು ಯಾರೋ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಆನೆ, ಆನೆ ಅಂತ ಬೊಬ್ಬೆ ಹಾಕಿದರೆ? ಎಲ್ಲಿ, ಎಷ್ಟು, ಯಾವ ಕಡೆ ಹೋಯ್ತು ಒಂದೂ ಇಲ್ಲ. ಮೊದಲು ಪ್ರಾಣ ಹಾರ್ತದೆ, ಆಮೇಲೆ ಕಿವಿ ಸತ್ತುಹೋಗ್ತದೆ.

ಇಂಥ ಕಾಯಿಲೆ ಇದೇ ಮೊದಲು ಬಂದದ್ದಲ್ಲ. 1918ರ ಇನ್‌ಫ್ಲುಯೆಂಜಾ ಜ್ವರಕ್ಕೆ ಸ್ಪ್ಯಾನಿಷ್ ಫ್ಲೂ ಅಂತಾರಲ್ಲ, ಆ ಹೆಸರು ಕೂಡ ಪೇಪರಿನದ್ದೇ ಕಥೆ. ಆಗ ಮೊದಲ ಮಹಾಯುದ್ಧ. ಯುದ್ಧ ಮಾಡುವ ದೇಶಗಳಲ್ಲಿ ಜನರ ಧೈರ್ಯ ಕುಂದಬಾರದು ಅಂತ ರೋಗದ ಸುದ್ದಿಯನ್ನು ಅದುಮಿ ಇಟ್ಟರು. ಸ್ಪೇನ್ ಯುದ್ಧದಲ್ಲಿ ಇರಲಿಲ್ಲ, ಅಲ್ಲಿಯ ಪತ್ರಿಕೆಗಳು ಬರೆದವು, ರಾಜನಿಗೇ ಜ್ವರ ಬಂದದ್ದನ್ನೂ ಬರೆದವು. ಹಾಗೆ ನಿಜ ಹೇಳಿದ ದೇಶದ ಹೆಸರೇ ರೋಗಕ್ಕೆ ಅಂಟಿತು! ನೂರು ವರ್ಷದ ಮೇಲೆ ಚೀನಾ ವೈರಸ್ ಅಂತ ಶುರು ಮಾಡಿದ್ದೂ ಅದೇ ಬುದ್ಧಿ. ರೋಗಕ್ಕೆ ಊರಿನ ಹೆಸರು ಇಡಬೇಡಿ ಅಂತ 2015ರಲ್ಲೇ ನಿಯಮ ಆಗಿತ್ತು, ಅದಕ್ಕೇ 2020ರ ಫೆಬ್ರವರಿ 11ಕ್ಕೆ ಕೋವಿಡ್-19 ಅಂತ ಹೆಸರಿಟ್ಟರು.

ಆ 1918ರ ಜ್ವರ ಹಡಗಿನಲ್ಲಿ ಬೊಂಬಾಯಿಗೆ ಇಳಿದು ದೇಶ ತುಂಬ ಹಬ್ಬಿತು. ಹಿಂದೂಸ್ಥಾನದಲ್ಲಿ ಸತ್ತವರು ಒಂದು ಕೋಟಿಗಿಂತ ಹೆಚ್ಚು. ಕೊಡಗಿನ ಜನಗಣತಿಯಲ್ಲಿ 1911ಕ್ಕೆ ಸುಮಾರು 1 ಲಕ್ಷ 75 ಸಾವಿರ ಇದ್ದವರು 1921ಕ್ಕೆ 1 ಲಕ್ಷ 64 ಸಾವಿರ ಆದರು. ಎಲ್ಲ ಆ ಜ್ವರದಿಂದಲೇ ಅಲ್ಲ, ಮಲೇರಿಯಾ ನಮ್ಮಲ್ಲಿ ಯಾವಾಗಲೂ ಇದ್ದದ್ದೇ. ಆದರೂ ಹತ್ತು ವರ್ಷದಲ್ಲಿ ಜನ ಹೆಚ್ಚುವ ಬದಲು ಕಡಿಮೆ ಆಗುವುದೆಂದರೆ ಯೋಚನೆ ಮಾಡಿ.

ನನ್ನ ಅಜ್ಜಿಗೆ ಆಗ ಏಳೋ ಎಂಟೋ ವರ್ಷ. ಅವರ ಮನೆಗೆ ಪೇಪರ್ ಬರುವುದು ಎಲ್ಲಿಂದ, ಓದಲಿಕ್ಕೆ ಬರುವವರೇ ಇರಲಿಲ್ಲ. ನಾವು ಚಿಕ್ಕವರಿರುವಾಗ ಅಜ್ಜಿ ಹೇಳ್ತಿದ್ದರು: "ಬೆಳಿಗ್ಗೆ ಎದ್ದು ಅಮ್ಮ ಅಂಗಳದ ತುದಿಗೆ ಹೋಗಿ ನಿಲ್ತಿದ್ದರು. ಯಾರ ಮನೆಯ ಮಾಡಿನಿಂದ ಹೊಗೆ ಏಳ್ತಾ ಉಂಟು, ಯಾರ ಮನೆಯಿಂದ ಇಲ್ಲ ಅಂತ ನೋಡುವುದು. ಹೊಗೆ ಇಲ್ಲದ ಮನೆಗೆ ಗಂಜಿ." ಮೆಟ್ಟಿಲಲ್ಲಿ ಪಾತ್ರೆ ಇಟ್ಟು, ಸೌಟಿನಿಂದ ಎರಡು ಸಲ ಬಡಿದು, ದೂರ ಬಂದು ನಿಲ್ಲುವುದಂತೆ. ಬಾಗಿಲು ತೆಗೆದರೆ ಸಮಾಧಾನ. ತೆಗೆಯದಿದ್ದರೆ ಗಂಡಸರನ್ನು ಕರೆಯುವುದು. ಅವರ ಮನೆಯಲ್ಲೂ ಎರಡು ಮಕ್ಕಳು ಹೋದವು. ಆ ಕಾಲ ಚೆನ್ನಾಗಿತ್ತು ಅಂತ ನಾನು ಹೇಳ್ತಾ ಇಲ್ಲ, ಔಷಧಿ ಇಲ್ಲ, ಡಾಕ್ಟ್ರಿಲ್ಲ, ಏನೂ ಇಲ್ಲ. ಸುದ್ದಿ ಅಂದರೆ ಆಗ ಹೊಗೆ, ಅಷ್ಟೇ.

ನಮ್ಮದು ಹೇಗಾಯ್ತು ಹೇಳ್ತೇನೆ. ಇದನ್ನು ಹೇಳಲಿಕ್ಕೆ ನನಗೆ ನಾಚಿಕೆ ಉಂಟು.

ನಮ್ಮ ಬೀದಿಗೆ ಮೀನು ತರುವ ಕಾಕ ನಿಮಗೆಲ್ಲ ಗೊತ್ತು. ಇಪ್ಪತ್ತು ವರ್ಷದಿಂದ ಅವರ ಹಾರನ್ ಕೇಳಿಯೇ ನಾನು ಸಾಸಿವೆ ಅರೆಯಲಿಕ್ಕೆ ಕೂರುವುದು. ನನ್ನ ಮಗಳ ಬಾಣಂತನದಲ್ಲಿ ಮುಳ್ಳು ಕಡಿಮೆ ಇರುವ ಮೀನು ಹುಡುಕಿ ತಂದುಕೊಟ್ಟ ಮನುಷ್ಯ. ಗಡಿ ಬಂದ್ ಆಗಿ ಮೀನು ನಿಂತಾಗ ಅವರು ಅದೇ ಬೈಕಿನಲ್ಲಿ ತರಕಾರಿ ಹಾಕ್ಕೊಂಡು ಬರ್ತಿದ್ದರು. ಏಪ್ರಿಲ್ ಮೊದಲ ವಾರ ಟಿವಿಯಲ್ಲಿ ದೆಹಲಿಯ ತಬ್ಲೀಗಿ ಸಭೆಯದ್ದೇ ಸುದ್ದಿ. ರೋಗದ ಸುದ್ದಿ ಹೋಗಿ ಜಾತಿಯ ಸುದ್ದಿ ಆಯ್ತು. ರೋಗಕ್ಕೇ ಜಿಹಾದ್ ಅಂತ ಹೆಸರು ಕಟ್ಟಿದರು. ತರಕಾರಿಗೆ ಉಗುಳ್ತಾರೆ ಅಂತ ಫೋನಿನಲ್ಲಿ ವಿಡಿಯೋ. ಯಾವ ಊರಿನದ್ದು, ಯಾವ ವರ್ಷದ್ದು ಯಾರು ಕೇಳಿದರು?

ಒಂದು ದಿನ ಬೆಳಿಗ್ಗೆ ಹಾರನ್ ಆಯ್ತು. ನಾನು ಕಿಟಕಿ ಪರದೆಯ ಹಿಂದೆ ನಿಂತೆ. ಮೂರು ಸಲ ಹಾರನ್ ಹೊಡೆದರು. "ಅಕ್ಕಾ, ಬೀನ್ಸ್ ಉಂಟು, ಟೊಮೆಟೊ ಉಂಟು" ಅಂದರು. ನಾನು ಹೋಗಲಿಲ್ಲ. ಪರದೆ ಅಲುಗಾಡಿದ್ದು ಅವರಿಗೆ ಕಂಡಿರಬೇಕು. ಸ್ವಲ್ಪ ಹೊತ್ತು ಮನೆ ಕಡೆ ನೋಡಿದರು, ಮಾಸ್ಕ್ ಸರಿ ಮಾಡಿಕೊಂಡರು, ಗಾಡಿ ತಿರುಗಿಸಿ ಹೋದರು. ಆ ದಿನ ನಮ್ಮ ಮನೆಯಲ್ಲಿ ಹಪ್ಪಳ, ಸಾರು. ಗಂಡ "ಕಾಕ ಬರಲಿಲ್ವಾ?" ಅಂತ ಕೇಳಿದ್ದಕ್ಕೆ "ಇಲ್ಲ" ಅಂದೆ.

ಅದೇ ವರ್ಷ ಆಗಸ್ಟ್ 21ಕ್ಕೆ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ಆ ಸಭೆಗೆ ಬಂದಿದ್ದ ವಿದೇಶಿಯರ ಮೇಲಿನ ಕೇಸನ್ನು ರದ್ದು ಮಾಡಿತು. ಅವರನ್ನು ಬಲಿಪಶು ಮಾಡಿದ್ದಾರೆ, ಟಿವಿ, ಪೇಪರಿನಲ್ಲಿ ಅವರ ಮೇಲೆ ದೊಡ್ಡ ಪ್ರಚಾರವೇ ನಡೆಯಿತು ಅಂತ ನ್ಯಾಯಾಲಯವೇ ಹೇಳಿತು. ಆವಾಗ ನಮ್ಮಲ್ಲಿ ಮಳೆ, ತಲಕಾವೇರಿಯಲ್ಲಿ ಗುಡ್ಡ ಕುಸಿದು ಎಲ್ಲರ ಗಮನ ಆ ಕಡೆ. ಕೋರ್ಟಿನ ಸುದ್ದಿ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಮಗ ಹೇಳಿ. ಏಪ್ರಿಲಿನ ಸುದ್ದಿ ಮಾತ್ರ ದಿನಕ್ಕೆ ನೂರು ಸಲ ಕೇಳಿದ್ದೆ.

2021ರ ಏಪ್ರಿಲ್, ಮೇ ಬಂತು. ಈ ಸಲ ನಿಜವಾಗಿ ಆನೆ ಅಂಗಳಕ್ಕೇ ಬಂದಿತ್ತು. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿದು ಜನ ಸತ್ತರು. ಮೊದಲು 24 ಅಂದರು, ಆಮೇಲೆ ಹೈಕೋರ್ಟ್ ನೇಮಿಸಿದ ಸಮಿತಿ 36 ಅಂತ ಹೇಳಿತು. ಕೊಡಗಿನಲ್ಲೂ ಮನೆ ಮನೆಯಲ್ಲಿ ಜ್ವರ. ಆದರೆ ಹಿಂದಿನ ವರ್ಷವೇ ನಮ್ಮ ಹೆದರಿಕೆ ಎಲ್ಲ ಖರ್ಚಾಗಿ ಹೋಗಿತ್ತು. ಟಿವಿಯವರು ಯಾವಾಗಲೂ ಹೀಗೇ ಬಡ್ಕೊಳ್ತಾರೆ ಅಂತ ಚಾನೆಲ್ ತಿರುಗಿಸಿ ಸೀರಿಯಲ್ ನೋಡಿದೆವು. ನನ್ನ ದೊಡ್ಡಮ್ಮನ ಮಗಳು ಜ್ವರ ಬಂದು ಐದು ದಿನ ಕಷಾಯ ಕುಡಿದುಕೊಂಡು ಮನೆಯಲ್ಲೇ ಇದ್ದಳು. ನಾನು ಫೋನ್ ಮಾಡಿದಾಗ "ಎಂಥದ್ದೂ ಇಲ್ಲ ಮಾರಾಯ್ತಿ, ಮಳೆ ಬಿದ್ದದ್ದಕ್ಕೆ ಶೀತ" ಅಂದಳು. ನಾನೂ ಹೌದು ಅಂದೆ. ಆರನೇ ದಿನ ಉಸಿರು ಕಟ್ಟಿತು. ಮುಖ ನೋಡಲಿಕ್ಕೂ ಆಗಲಿಲ್ಲ. ಮಾರನೇ ದಿನ ಪೇಪರಿನ ಜಿಲ್ಲೆಯ ಲೆಕ್ಕದಲ್ಲಿ ಅವಳು ಒಂದು ಸಣ್ಣ ಅಂಕಿ. ಆ ಅಂಕಿಯನ್ನು ನಾನು ಬೆರಳಿಟ್ಟು ನೋಡಿದೆ.

ಕಾಕ ಈಗಲೂ ಬರ್ತಾರೆ, ಮೀನೇ ತರ್ತಾರೆ. ಸಿಕ್ಕಿದರೆ ನಗ್ತಾರೆ, ಮೊಮ್ಮಗುವನ್ನು ಕೇಳ್ತಾರೆ. ಆ ದಿನದ ಮಾತು ನಾವಿಬ್ಬರೂ ಎತ್ತಿಲ್ಲ. ಆದರೆ ನಮ್ಮ ಗೇಟಿನ ಹತ್ತಿರ ಅವರು ಹಾರನ್ ಹೊಡೆಯುವುದಿಲ್ಲ. ಕೆಳಗಿನ ಮನೆಯವರಿಗೆ ಹೊಡೆಯುತ್ತಾರೆ, ಮೇಲಿನ ಮನೆಯವರಿಗೆ ಹೊಡೆಯುತ್ತಾರೆ. ಕೆಳಗಿನ ಮನೆಯ ಹಾರನ್ ಕೇಳಿದ ಕೂಡಲೇ ನಾನು ಪಾತ್ರೆ ಹಿಡ್ಕೊಂಡು ರಸ್ತೆಗೆ ಓಡಿ ನಿಲ್ತೇನೆ.