ಕೈಯಿಲ್ಲದ ಬೀಗ

ಕಳೆದ ತಿಂಗಳು ಪುಣೆಯಿಂದ ಬಂದ ನನ್ನ ಮಗ ನಮ್ಮ ಮನೆಯ ತಲೆಬಾಗಿಲಿಗೆ ಹೊಸದೊಂದು ಬೀಗ ಹಾಕಿಸಿ ಹೋದ. ಅದಕ್ಕೆ ಬೀಗದ ಕೈ ಬೇಕಿಲ್ಲ. ಜೇಬಿನಲ್ಲಿರುವ ಸ್ಮಾರ್ಟ್‌ಫೋನೇ ಅದರ ಕೈ. ಬಾಗಿಲ ಮುಂದೆ ನಿಂತು ಫೋನಿನ ಮೇಲೆ ಬೆರಳಾಡಿಸಿದರೆ ಸಾಕು, ಒಳಗೆ ಪುಟ್ಟದೊಂದು ಮೋಟಾರು ಗುರ್ರೆಂದು ಅಗಳಿ ಸರಿಯುತ್ತದೆ. ಮನೆಯವರೆಲ್ಲರೂ ಬೆರಗಾದರು. ಎಂಬತ್ತನಾಲ್ಕು ವರ್ಷದ ನನ್ನ ತಾಯಿ ಮಾತ್ರ, "ಹಾಗಾದರೆ ನನ್ನ ಬೀಗದ ಕೈ ಎಲ್ಲಪ್ಪ?" ಎಂದು ಕೇಳಿದರು. ಆಗ ನಾನು ಉತ್ತರ ಕೊಡಲಿಲ್ಲ. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿ ಹೋದವನಿಗೆ ಬೀಗದ ಚರಿತ್ರೆಯೇ ಎದುರಾಯಿತು.

ನಾವು 'ಬೀಗದ ಕೈ' ಎನ್ನುತ್ತೇವೆ. ಧಾರವಾಡದ ಕಡೆಯವರು 'ಕೀಲಿಕೈ' ಎನ್ನುತ್ತಾರೆ. ಎರಡರಲ್ಲಿಯೂ ಕೈ ಉಂಟು. ಪ್ರಾಚೀನ ಕಾಲದಲ್ಲಿ ಅದು ನಿಜವಾಗಿಯೂ ಕೈಯಷ್ಟು ದೊಡ್ಡದೇ ಆಗಿತ್ತು. ಈಗಿನ ಇರಾಕ್ ದೇಶದ ಖೋರ್ಸಾಬಾದಿನಲ್ಲಿ, ಕ್ರಿಸ್ತಪೂರ್ವ ೮ನೆಯ ಶತಮಾನದ ಅಸ್ಸೀರಿಯದ ದೊರೆ ಎರಡನೆಯ ಸಾರ್ಗೊನನ ಅರಮನೆಯ ಅವಶೇಷಗಳಲ್ಲಿ, ಮರದ ಬೀಗವೊಂದು ದೊರೆಯಿತು. ಈಜಿಪ್ಟಿನವರೂ ಬಳಸುತ್ತಿದ್ದ ಬಗೆಯದು ಅದು. ಮೇಲಿನಿಂದ ಕೆಲವು ಮರದ ಮೊಳೆಗಳು ಅಗಳಿಯ ತೂತುಗಳಿಗೆ ಇಳಿದು ಅದನ್ನು ಸರಿಯದಂತೆ ಹಿಡಿಯುತ್ತವೆ. ಹಲ್ಲುಗಳಿರುವ ಮರದ ಕೈಯನ್ನು ಒಳಗೆ ತೂರಿಸಿ ಎತ್ತಿದರೆ ಮೊಳೆಗಳು ಮೇಲೇಳುತ್ತವೆ, ಅಗಳಿ ಬಿಡುಗಡೆಯಾಗುತ್ತದೆ. ಇಂಥ ಕೈಯನ್ನು ಹೆಗಲ ಮೇಲೆ ಹೊರುವುದು ಅಧಿಕಾರದ ಗುರುತು. ಬೈಬಲಿನ ಯೆಶಾಯನ ಗ್ರಂಥದಲ್ಲಿ ಅದರ ಪ್ರಸ್ತಾಪವಿದೆ. ಮುಂದೆ ರೋಮನ್ನರು ಲೋಹದಲ್ಲಿ ಪುಟ್ಟ ಬೀಗದ ಕೈಗಳನ್ನು ಮಾಡಿ ಬೆರಳಿಗೆ ಉಂಗುರವಾಗಿ ತೊಟ್ಟರು. ಹೆಗಲಿನಿಂದ ಬೆರಳಿಗೆ ಇಳಿದರೂ ಅದು ಮೈಬಿಟ್ಟು ಹೋಗಲಿಲ್ಲ.

ಬೀಗ ತಯಾರಿಸುವವನಿಗೂ ತೆರೆಯುವವನಿಗೂ ನಡೆದ ಬಹಿರಂಗ ಸ್ಪರ್ಧೆಯ ಕಥೆ ಇಂಗ್ಲೆಂಡಿನದು. ಜೋಸೆಫ್ ಬ್ರಾಮಾ ಎಂಬಾತ ೧೭೮೪ರಲ್ಲಿ ಹೊಸ ಬೀಗಕ್ಕೆ ಪೇಟೆಂಟ್ ಪಡೆದ. ಲಂಡನ್ನಿನ ಪಿಕಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಅಂಥದೊಂದನ್ನು ಇಟ್ಟು, ಇದನ್ನು ತೆರೆಯುವ ಸಾಧನ ಮಾಡಿದವನಿಗೆ ೨೦೦ ಗಿನಿ ಬಹುಮಾನವೆಂದು ಸಾರಿದ. ಅರ್ಧ ಶತಮಾನಕ್ಕೂ ಮಿಕ್ಕಿ ಯಾರೂ ಆ ಹಣ ಗೆಲ್ಲಲಿಲ್ಲ. ೧೮೧೮ರಲ್ಲಿ ಜೆರೆಮಾಯ ಚಬ್ ಮತ್ತೊಂದು ಚತುರ ಬೀಗ ಮಾಡಿದ. ಕಳ್ಳನು ಕೈಯಾಡಿಸಿದರೆ ಅದು ಅಲ್ಲಿಗೇ ಸಿಕ್ಕಿಕೊಂಡು, ಯಾರೋ ಮುಟ್ಟಿದ್ದಾರೆಂದು ಒಡೆಯನಿಗೆ ದೂರು ಹೇಳುತ್ತಿತ್ತು. ಬೀಗಕ್ಕೆ ಚಾಡಿಯ ವಿದ್ಯೆ ಬಂದದ್ದು ಹೀಗೆ.

೧೮೫೧ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಅಮೆರಿಕದಿಂದ ಆಲ್‌ಫ್ರೆಡ್ ಹಾಬ್ಸ್ ಬಂದ. ಚಬ್ಬನ ಬೀಗವನ್ನು ಸುಮಾರು ೨೫ ನಿಮಿಷಗಳಲ್ಲಿ ತೆರೆದ. ಬ್ರಾಮಾನ ಬೀಗದೊಡನೆ ೧೬ ದಿನಗಳ ಅವಧಿಯಲ್ಲಿ ೫೧ ಗಂಟೆ ಗುದ್ದಾಡಿ ೨೦೦ ಗಿನಿ ಗಳಿಸಿದ. ಊರಿಗೆ ಊರೇ ತಲ್ಲಣಿಸಿತು. ಇಂಥ ಗುಟ್ಟುಗಳನ್ನು ಬಯಲು ಮಾಡುವುದು ಕಳ್ಳರಿಗೆ ಪಾಠ ಹೇಳಿದಂತಲ್ಲವೇ ಎಂದರು ಕೆಲವರು. ಕಳ್ಳರಿಗೆ ಇದು ಮೊದಲೇ ಗೊತ್ತು, ಗೊತ್ತಿಲ್ಲದವರು ಮನೆಯವರು ಮಾತ್ರ ಎಂಬುದು ಹಾಬ್ಸನ ಪಕ್ಷದವರ ವಾದ. ಕೆಲವೇ ವರ್ಷಗಳಲ್ಲಿ ಅವನು ಹೊಗಳಿ ಮಾರುತ್ತಿದ್ದ ಬೀಗವನ್ನೇ ಲೈನಸ್ ಯೇಲ್ ಎಂಬ ಇನ್ನೊಬ್ಬ ಅಮೆರಿಕದವನು ತೆರೆದು ತೋರಿಸಿದ! ಈ ಯೇಲನೇ ೧೮೬೧ ಮತ್ತು ೧೮೬೫ರಲ್ಲಿ ಪೇಟೆಂಟ್ ಪಡೆದು, ಈಜಿಪ್ಟಿನ ಮರದ ಮೊಳೆಗಳ ಉಪಾಯವನ್ನೇ ಹಿತ್ತಾಳೆಯ ಉರುಳೆಯೊಳಗೆ ಅಡಗಿಸಿದವನು. ನಮ್ಮ ಜೇಬಿನ ಚಪ್ಪಟೆ ಬೀಗದ ಕೈ ಅವನ ಕೊಡುಗೆ. ನಮ್ಮ ದೇಶದಲ್ಲಿ ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗ ತಯಾರಿಸತೊಡಗಿದ್ದು ೧೮೯೭ರಲ್ಲಿ.

೧೯೭೦ರ ದಶಕದಲ್ಲಿ ನಾರ್ವೆಯ ಟೋರ್ ಸೋರ್ನೆಸ್ ಹೋಟೆಲುಗಳಿಗಾಗಿ ತೂತುಗಳಿರುವ ಪ್ಲಾಸ್ಟಿಕ್ ಚೀಟಿಯ ಬೀಗ ಮಾಡಿದ. ಅತಿಥಿ ಹೊರಟ ಮೇಲೆ ಅವನ ಚೀಟಿ ಕೆಲಸಕ್ಕೆ ಬಾರದು. ಬೀಗದ ಕೈ ವಸ್ತುವಿನಿಂದ ಬರಿಯ ಸಂಖ್ಯೆಯಾಗತೊಡಗಿತು. ೨೦೧೦ರಲ್ಲಿ ಕಡಿಮೆ ವಿದ್ಯುತ್ತು ಬಳಸುವ ಬ್ಲೂಟೂತ್ ಬಂದ ಮೇಲೆ ಆ ಸಂಖ್ಯೆ ಫೋನನ್ನೇ ಹೊಕ್ಕಿತು.

ಹಾಬ್ಸನ ಸಂತತಿ ಮಾತ್ರ ಅಳಿದಿಲ್ಲ. ೨೦೧೬ರಲ್ಲಿ ಲಾಸ್ ವೇಗಾಸ್‌ನ ಡೆಫ್ ಕಾನ್ ಸಮ್ಮೇಳನದಲ್ಲಿ ಇಬ್ಬರು ಸಂಶೋಧಕರು ೧೬ ಬ್ಲೂಟೂತ್ ಬೀಗಗಳನ್ನು ಪರೀಕ್ಷಿಸಿ ೧೨ನ್ನು ತೆರೆಯಬಹುದೆಂದು ತೋರಿಸಿದರು. ಅವುಗಳಲ್ಲಿ ಕೆಲವು ತಮ್ಮ ಗುಪ್ತ ಸಂಕೇತವನ್ನು ಯಾವ ಮುಸುಕೂ ಇಲ್ಲದೆ ಗಾಳಿಗೆ ಹೇಳಿಬಿಡುತ್ತಿದ್ದವು.

ಆದರೆ ನನ್ನ ತಾಯಿಯ ಪ್ರಶ್ನೆ ಕಳ್ಳರದಲ್ಲ. ಅದಕ್ಕೆ ಸಮೀಪದ ಸಂಗತಿ ನ್ಯೂಯಾರ್ಕಿನಲ್ಲಿ ನಡೆದಿದೆ. ಅಲ್ಲಿಯ ಹೆಲ್ಸ್ ಕಿಚನ್ ಬಡಾವಣೆಯ ಒಂದು ಕಟ್ಟಡಕ್ಕೆ ಮಾಲೀಕರು ಫೋನಿನ ಬೀಗ ಹಾಕಿಸಿದರು. ಬಾಡಿಗೆದಾರರಲ್ಲಿ ಐವರು ನ್ಯಾಯಾಲಯಕ್ಕೆ ಹೋದರು. ತಾವು ಎಷ್ಟು ಹೊತ್ತಿಗೆ ಹೊರಗೆ ಹೋಗಿ ಬರುತ್ತೇವೆಂಬುದು ಅನ್ಯರ ಲೆಕ್ಕಕ್ಕೆ ಸೇರುವುದೆಂದು ಅವರಿಗೆ ಅಳುಕು. ಅವರಲ್ಲಿ ತೊಂಬತ್ತು ದಾಟಿದ ವೃದ್ಧರೊಬ್ಬರಿಗೆ ಫೋನಿನ ಬಳಕೆಯೇ ಇಲ್ಲದೆ ಸ್ವಂತ ಮನೆಯೇ ಸೆರೆಯಂತಾಗಿತ್ತು. ೨೦೧೯ರ ಮೇ ತಿಂಗಳಲ್ಲಿ ರಾಜಿಯಾಗಿ ಅವರಿಗೆ ಲೋಹದ ಬೀಗದ ಕೈ ದೊರೆಯಿತು. ೨೦೨೧ರಲ್ಲಿ ಆ ನಗರವು ಇಂಥ ಬೀಗಗಳು ಕೂಡಿಹಾಕುವ ಮಾಹಿತಿಗೆ ಮಿತಿ ಹಾಕುವ ಕಾನೂನನ್ನೂ ಮಾಡಿತು.

ಇದನ್ನು ಓದಿದ ಮರುದಿನವೇ ಮಗ ಪುಣೆಯಿಂದ ಫೋನು ಮಾಡಿ, "ಅಪ್ಪಾ, ನಿನ್ನೆ ಒಂಬತ್ತೂವರೆಗೆ ಬಂದಿರಲ್ಲ, ಯಾಕೆ ಅಷ್ಟು ತಡ?" ಎಂದ. ಕಾಳಜಿಯ ಮಾತೇ, ಸಂಶಯವಿಲ್ಲ. ಆದರೂ ಅರವತ್ತೆರಡರ ವಯಸ್ಸಿನಲ್ಲಿ ಮನೆಗೆ ಬಂದ ಹೊತ್ತಿಗೆ ಲೆಕ್ಕ ಒಪ್ಪಿಸುವಾಗ ಚಬ್ಬನ ಚಾಡಿಬೀಗದ ನೆನಪಾಯಿತು. ಅದು ಕಳ್ಳನ ಮೇಲೆ ದೂರು ಹೇಳುತ್ತಿತ್ತು. ಇದು ಮನೆಯವರ ಮೇಲೆ ಹೇಳುತ್ತದೆ.

ನಮ್ಮಜ್ಜಿ ತೀರಿಕೊಳ್ಳುವ ಮುನ್ನ ಸೆರಗಿನ ತುದಿಯ ಗಂಟು ಬಿಚ್ಚಿ ಬೀಗದ ಕೈಗಳ ಗೊಂಚಲನ್ನು ನನ್ನ ತಾಯಿಯ ಅಂಗೈಗೆ ಇಟ್ಟದ್ದನ್ನು ನಾನು ಕಂಡಿದ್ದೇನೆ. ಮಾತೇನೂ ಆಗಲಿಲ್ಲ, ಮನೆ ಕೈ ಬದಲಾಯಿಸಿತು, ಅಷ್ಟೆ. ಫೋನಿನಲ್ಲಿ ಅಪ್ಪಣೆ ಬರುವುದೂ ಕ್ಷಣದಲ್ಲಿ, ಹೋಗುವುದೂ ಕ್ಷಣದಲ್ಲಿ.

ಹೊಸ ಬೀಗವನ್ನು ನಾನು ತೆಗೆಸಲಿಲ್ಲ. ಮಳೆಯಲ್ಲಿ ಎರಡೂ ಕೈಯಲ್ಲಿ ಚೀಲ ಹಿಡಿದು ಬಂದಾಗ ಅದರ ಉಪಕಾರ ದೊಡ್ಡದು. ಆದರೆ ಅದರ ಕೆಳಗೆ, ಮುಚ್ಚಳದ ಹಿಂದೆ, ಸಣ್ಣದೊಂದು ಹಳೆಯ ಬಗೆಯ ಕಿಂಡಿಯೂ ಉಂಟೆಂದು ಈಚೆಗೆ ತಿಳಿಯಿತು. ಡಬ್ಬಿಯಲ್ಲಿ ಬಿದ್ದಿದ್ದ ಅದರ ಬೀಗದ ಕೈಯನ್ನು ಹುಡುಕಿ ತಾಯಿಗೆ ಕೊಟ್ಟೆ. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, ಸೆರಗಿಗೆ ಗಂಟು ಹಾಕಿಕೊಂಡು, ಕಾಫಿ ಬೆರೆಸಲು ಒಳಗೆ ಹೋದರು.