ತಾವೇ ತಂದ ಕಾನೂನು, ತಮಗೇ ಅಡ್ಡಗಾಲು

ನಮ್ಮ ರಾಜ್ಯಪಾಲರನ್ನು ಜನ ಗೆಲ್ಲಿಸುವುದೂ ಇಲ್ಲ, ಸೋಲಿಸುವುದೂ ಇಲ್ಲ, ರಾಷ್ಟ್ರಪತಿ ನೇಮಿಸುತ್ತಾರೆ. ಅಮೆರಿಕದಲ್ಲಿ ಗವರ್ನರ್ ಅಂದರೆ ಹೆಚ್ಚೂಕಮ್ಮಿ ನಮ್ಮ ಮುಖ್ಯಮಂತ್ರಿ ಇದ್ದಹಾಗೆ, ಆದರೆ ಜನರೇ ನೇರವಾಗಿ ಆರಿಸುತ್ತಾರೆ. ಅಧಿಕಾರದಲ್ಲಿದ್ದ ಗವರ್ನರ್ ಸೋತ ಚುನಾವಣೆ ಅಂದಾಗ ನನಗೆ ಮೊದಲು ನೆನಪಾಗುವುದು 2018ರ ವಿಸ್ಕಾನ್ಸಿನ್.

ರಿಪಬ್ಲಿಕನ್ ಪಕ್ಷದ ಸ್ಕಾಟ್ ವಾಕರ್ ಸುಲಭಕ್ಕೆ ಸೋಲುವ ಆಸಾಮಿ ಆಗಿರಲಿಲ್ಲ. 2010ರಲ್ಲಿ ಗೆದ್ದರು. ಮರುವರ್ಷವೇ ಬಹುಪಾಲು ಸರ್ಕಾರಿ ನೌಕರರು ಸಂಘ ಕಟ್ಟಿಕೊಂಡು ಒಟ್ಟಾಗಿ ಮಾತುಕತೆ ನಡೆಸುವ ಹಕ್ಕನ್ನು ಮೊಟಕುಗೊಳಿಸಿದರು. ಸಿಟ್ಟಿಗೆದ್ದವರು ಸಹಿ ಸಂಗ್ರಹಿಸಿ, ಅವರನ್ನು ಇಳಿಸಲೆಂದೇ 2012ರಲ್ಲಿ ಚುನಾವಣೆ ನಡೆಯುವಂತೆ ಮಾಡಿದರು. ಅದನ್ನೂ ಗೆದ್ದರು! ಅಂಥ ಚುನಾವಣೆಯಲ್ಲಿ ಕುರ್ಚಿ ಉಳಿಸಿಕೊಂಡ ಅಮೆರಿಕದ ಮೊದಲ ಗವರ್ನರ್ ಅವರೇ. 2014ರಲ್ಲಿ ಮತ್ತೆ ಗೆಲುವು.

2018ರ ನವೆಂಬರ್ 6ರಂದು ಎದುರಿಗಿದ್ದವರು ಡೆಮಾಕ್ರಟಿಕ್ ಪಕ್ಷದ ಟೋನಿ ಎವರ್ಸ್. ಹಿಂದೆ ಶಾಲಾ ಮೇಷ್ಟ್ರು, ಆಗ ರಾಜ್ಯದ ಶಾಲಾ ಶಿಕ್ಷಣ ಇಲಾಖೆಯ ಮುಖ್ಯಸ್ಥರು. ಎಣಿಕೆ ಮಧ್ಯರಾತ್ರಿ ದಾಟಿತು. ಕೊನೆಗೆ ಎವರ್ಸ್ 29,227 ಮತಗಳಿಂದ, ಅಂದರೆ ಸುಮಾರು ಶೇ. 1.1ರ ಅಂತರದಿಂದ ಗೆದ್ದರು.

ಇಷ್ಟು ಕಡಿಮೆ ಅಂತರ ಅಂದಮೇಲೆ ಮರುಎಣಿಕೆ ಕೇಳಬಹುದಿತ್ತಲ್ಲ? ಕೇಳುವಂತಿರಲಿಲ್ಲ. 2016ರ ಅಧ್ಯಕ್ಷೀಯ ಚುನಾವಣೆಯಲ್ಲಿ ವಿಸ್ಕಾನ್ಸಿನ್‌ನಲ್ಲಿ ಟ್ರಂಪ್ ಗೆದ್ದಾಗ, ನಾಲ್ಕನೇ ಸ್ಥಾನದಲ್ಲಿದ್ದ ಗ್ರೀನ್ ಪಕ್ಷದ ಜಿಲ್ ಸ್ಟೈನ್ ಮರುಎಣಿಕೆ ಮಾಡಿಸಿದ್ದರು. ಫಲಿತಾಂಶ ಬದಲಾಗಲಿಲ್ಲ. ಆದರೆ ಮರುವರ್ಷ ಹೊಸ ಕಾನೂನು ಬಂತು: ಅಂತರ ಶೇ. 1ರೊಳಗಿದ್ದರೆ ಮಾತ್ರ ಸೋತವರು ಮರುಎಣಿಕೆ ಕೇಳಬಹುದು. ಅದಕ್ಕೆ ಸಹಿ ಹಾಕಿದವರು ಯಾರು? ಇದೇ ವಾಕರ್. ಅಂತರ ಸುಮಾರು ಎರಡೂವರೆ ಸಾವಿರ ಮತ ಕಡಿಮೆಯಿದ್ದಿದ್ದರೆ ಅವರಿಗೆ ಆ ಬಾಗಿಲು ತೆರೆದಿರುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನೋದು ಇದಕ್ಕೇ.

ಮರುಎಣಿಕೆಯಿಂದ ಅಷ್ಟೊಂದು ಮತ ಅದಲುಬದಲಾಗುವುದು ಅಪರೂಪ, ನಿಜ. ವಾಕರ್ ಮರುದಿನವೇ ಸೋಲೊಪ್ಪಿಕೊಂಡರು. ಅಲ್ಲಿಗೇ ಮುಗಿದಿದ್ದರೆ ನಾನು ಅವರನ್ನು ಮೆಚ್ಚುತ್ತಿದ್ದೆ. ಆದರೆ ಡಿಸೆಂಬರ್ 14ರಂದು, ಹುದ್ದೆ ಬಿಡಲು ತಿಂಗಳೂ ಉಳಿದಿಲ್ಲದಾಗ, ಹೊಸ ಗವರ್ನರ್ ಅಧಿಕಾರವನ್ನು ಕತ್ತರಿಸುವ ಮಸೂದೆಗಳಿಗೂ ಸಹಿ ಹಾಕಿದರು. ಶಾಸಕಾಂಗದಲ್ಲಿ ಅವರ ಪಕ್ಷದ್ದೇ ಬಹುಮತವಿತ್ತು.

ಗೆದ್ದಾಗ ಬರೆಯುವ ನಿಯಮವನ್ನು ನಾಳೆ ಸೋಲುವವರ ಕಣ್ಣಿನಿಂದಲೂ ಒಮ್ಮೆ ಓದಬೇಕು. ವಾಕರ್ ಆ ಪಾಠವನ್ನು ಸ್ವಂತ ಅನುಭವದಿಂದ ಕಂಡರು. ಕಲಿತರು ಅಂತ ಮಾತ್ರ ನನಗನ್ನಿಸುವುದಿಲ್ಲ.